ಗಡ್ಡೆ ತೆಗೆಯದೆ ಮೊದಲೇ ಕೀಮೋ ಏಕೆ?

ಅಮ್ಮನ ಎದೆಯ ಗಡ್ಡೆಯನ್ನು ಹಾಗೇ ಬಿಟ್ಟು ಮೊದಲು ಕೀಮೋ ಎಂದಾಗ ನಿಮಗೆ ದಿಗಿಲಾದದ್ದು ಸಹಜ. ಆದರೆ ಇದು ಕಾಲಹರಣವಲ್ಲ, ಚಿಕಿತ್ಸೆಯೇ.

ನೀವು ಕಳಿಸಿದ ಬಯಾಪ್ಸಿ ವರದಿಯ ಕೊನೆಯ ಸಾಲುಗಳನ್ನು ನೋಡಿ: ಇಆರ್, ಪಿಆರ್ ನೆಗೆಟಿವ್, ಹರ್-2 ಪಾಸಿಟಿವ್, 3+. ಅಂದರೆ ಈ ಗಡ್ಡೆ ಹಾರ್ಮೋನಿನ ಬಲದಿಂದ ಬೆಳೆದದ್ದಲ್ಲ. ಅದರ ಜೀವಕೋಶಗಳ ಮೇಲೆ ಹರ್-2 ಎಂಬ ಪ್ರೋಟೀನು ಮಿತಿಮೀರಿದೆ. ಹಿಂದೆ ಈ ಬಗೆಯೆಂದರೆ ವೈದ್ಯರಿಗೂ ಭಯವಿತ್ತು. ಆ ಪ್ರೋಟೀನನ್ನೇ ಹಿಡಿಯುವ ಟ್ರಾಸ್ಟುಜುಮ್ಯಾಬ್ ಬಂದ ಮೇಲೆ ಚಿತ್ರ ಬದಲಾಗಿದೆ. ಅದರ ಬಯೋಸಿಮಿಲರನ್ನು, ಅಂದರೆ ಅದಕ್ಕೆ ಸರಿಸಮವಾದ ಔಷಧಿಯನ್ನು, ನಮ್ಮ ಬೆಂಗಳೂರಿನ ಬಯೋಕಾನ್ 2014ರಲ್ಲಿ ಮಾರುಕಟ್ಟೆಗೆ ತಂದಿತು. ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ, ಒಂದು ವರ್ಷ ಕೊಡುತ್ತಾರೆ. ಹೃದಯದ ಮೇಲೆ ಪರಿಣಾಮವಾಗಬಹುದು, ಆದ್ದರಿಂದ ಹೃದಯದ ಎಕೋ ಪರೀಕ್ಷೆ ತಪ್ಪಿಸಬೇಡಿ.

ಆಪರೇಷನ್‌ಗೆ ಮೊದಲೇ ಔಷಧಿಗಳಿಂದ ಗಡ್ಡೆ ಕುಗ್ಗಿದರೆ ಸ್ತನ ಉಳಿಸಿಕೊಳ್ಳುವ ಅವಕಾಶ ಹೆಚ್ಚು. ಅದು ಎಷ್ಟು ಕರಗಿತು ಎಂಬುದರ ಮೇಲೆ ಆಪರೇಷನ್ ನಂತರದ ಔಷಧಿಯೂ ನಿರ್ಧಾರವಾಗುತ್ತದೆ. ಕೀಮೋಗೆ ಮುಂಚೆ ಗಡ್ಡೆಯೊಳಗೆ ಸಣ್ಣ ಲೋಹದ ಕ್ಲಿಪ್ ಇಡುತ್ತಾರಾ ಎಂದು ಕೇಳಿ. ಗಡ್ಡೆ ಪೂರ್ತಿ ಕರಗಿದರೂ ಸರ್ಜನ್‌ಗೆ ಜಾಗ ಸಿಗಬೇಕಲ್ಲ!

ಬಯಾಪ್ಸಿಗೆ ಸೂಜಿ ಚುಚ್ಚಿದ್ದಕ್ಕೇ ಕಾಯಿಲೆ ಹರಡುತ್ತದೆ ಎಂಬ ನಿಮ್ಮ ದೊಡ್ಡಮ್ಮನ ಮಾತನ್ನು ದಯವಿಟ್ಟು ಅಮ್ಮನ ಕಿವಿಗೆ ಹಾಕಬೇಡಿ. ಅದು ನಿಜವಲ್ಲ.

ಒಂದು ಎಚ್ಚರ. ಕೀಮೋ ನಡೆಯುವಾಗ ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರೆ ಕೊಟ್ಟು ಬೆಳಗಾಗಲೆಂದು ಕಾಯಬೇಡಿ. ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಕರೆದೊಯ್ಯಿರಿ.