ಟ್ರಂಕಿನೊಳಗಿನ ಹಳೆ ಕಾಗದ

ಒಂದು ಸಂಜೆ ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬಂದರು. ಕೈಯಲ್ಲಿ ಒಂದು ಚೀಲ. ಚೀಲದಲ್ಲಿ ಮಡಿಸಿದ ಹಳೆ ಕಾಗದ. ಅವರ ಯಜಮಾನರು ಸೈನ್ಯದಲ್ಲಿದ್ದರು. ಅಲ್ಲಿ ಕಾಯಿಲೆ ಬಂತು. ಮನೆಗೆ ಕಳಿಸಿದರು. ಅಂಗವೈಕಲ್ಯ ಪಿಂಚಣಿ ಕೇಳಿದರೆ 'ಇಲ್ಲ' ಎಂದು ಈ ಕಾಗದ ಬಂತು. ಅಂದಿನಿಂದ ಅದು ಟ್ರಂಕಿನಲ್ಲೇ ಇತ್ತು.

"ಸರಕಾರದವ್ರು ಇಲ್ಲ ಅಂದ ಮ್ಯಾಲೆ ಮುಗೀತಲ್ರೀ ಟೀಚರ್?" ಎಂದು ಅಕ್ಕ ಕೇಳಿದರು.

ಇಲ್ಲ, ಮುಗಿದಿಲ್ಲ. ಯಾಕೆ? ಬನ್ನಿ, ಓದಿ ತಿಳಿಯೋಣ.

ಏನಿದು ಪಿಂಚಣಿ?

ಸೈನ್ಯದ ನೌಕರಿಯಿಂದ ಗಾಯ ಆಗಬಹುದು. ಕಾಯಿಲೆ ಬರಬಹುದು. ಇದ್ದ ಕಾಯಿಲೆ ಹೆಚ್ಚಾಗಬಹುದು. ಅದರಿಂದ ಸೈನಿಕ ನೌಕರಿ ಬಿಡಬೇಕಾದರೆ ಈ ಪಿಂಚಣಿ ಉಂಟು. ಸಾಮಾನ್ಯವಾಗಿ ಅಂಗವೈಕಲ್ಯ ಶೇಕಡಾ 20 ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ಎಷ್ಟು ಎಂದು ವೈದ್ಯಕೀಯ ಮಂಡಳಿ ಬರೆಯುತ್ತದೆ. ಮಂಡಳಿ ಅಂದ್ರೆ ಸೈನ್ಯದ ಡಾಕ್ಟರರು. 'ಈ ಕಾಯಿಲೆಗೆ ನೌಕರಿ ಕಾರಣವಲ್ಲ' ಎಂದು ಅವರು ಬರೆದರೆ ಪಿಂಚಣಿ ಸಿಗುವುದಿಲ್ಲ. ಬರೆಯುವವರೂ ಮನುಷ್ಯರೇ. ತಪ್ಪಾಗಬಹುದು. ತಪ್ಪನ್ನು ಪ್ರಶ್ನಿಸಬಹುದು.

ಒಬ್ಬ ಸಿಪಾಯಿಯ ಕಥೆ

ಇದು ನಡೆದ ಸಂಗತಿ. ಒಬ್ಬರು 1985ರಲ್ಲಿ ಸೈನ್ಯ ಸೇರಿದರು. ಸೇರುವಾಗ ಆರೋಗ್ಯವಾಗಿದ್ದರು. ಮುಂದೆ ಮೂರ್ಛೆ ರೋಗ ಬಂತು. 1994ರಲ್ಲಿ ಮನೆಗೆ ಕಳಿಸಿದರು. ಅಂಗವೈಕಲ್ಯ ಶೇಕಡಾ 20. ಆದರೆ 'ನೌಕರಿ ಕಾರಣವಲ್ಲ' ಎಂದು ಮಂಡಳಿ ಬರೆಯಿತು. ಪಿಂಚಣಿ ಸಿಗಲಿಲ್ಲ. ಅವರು ಸುಮ್ಮನಾಗಲಿಲ್ಲ. ಹೈಕೋರ್ಟಿನಲ್ಲಿ ಮೊದಲು ಗೆದ್ದರು, ಆಮೇಲೆ ಸೋತರು. ಸುಪ್ರೀಂ ಕೋರ್ಟಿಗೆ ಹೋದರು. 2013ರ ಜುಲೈ 2ರಂದು ಗೆದ್ದರು.

ಕೋರ್ಟು ಹೇಳಿದ್ದು ಇಷ್ಟು. ಸೇರುವಾಗ ಕಾಯಿಲೆ ಇತ್ತೆಂದು ದಾಖಲೆಯಲ್ಲಿ ಇಲ್ಲ. ಮಂಡಳಿ ಸರಿಯಾದ ಕಾರಣವನ್ನೂ ಬರೆದಿಲ್ಲ. ಹಾಗಿದ್ದರೆ ಕಾಯಿಲೆ ನೌಕರಿಯಿಂದಲೇ ಬಂತೆಂದು ತಿಳಿಯಬೇಕು. ಸೈನಿಕ ರುಜುವಾತು ಮಾಡಬೇಕಾಗಿಲ್ಲ. ಅಲ್ಲ ಅನ್ನುವವರೇ ಮಾಡಬೇಕು.

ಆದರೆ ಎಲ್ಲರಿಗೂ ಸಿಕ್ಕೇ ಸಿಗುತ್ತದೆ ಎಂದಲ್ಲ. ಮಂಡಳಿ ಸರಿಯಾದ ಕಾರಣ ಕೊಟ್ಟಿದ್ದರೆ ಗೆಲ್ಲುವುದು ಕಷ್ಟ. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮ ಬಂದಿದೆ. ಅದು ಆಮೇಲೆ ನೌಕರಿ ಬಿಟ್ಟವರಿಗೆ. ಮುಂಚೆ ಬಿಟ್ಟವರಿಗೆ ಹಳೆ ನಿಯಮ.

ತಡವಾದರೆ ನಷ್ಟ

ಇನ್ನೊಬ್ಬ ಸೈನಿಕ 1983ರಲ್ಲಿ ಮನೆಗೆ ಬಂದರು. ಕೋರ್ಟಿಗೆ ಹೋದದ್ದು 1999ರಲ್ಲಿ. 16 ವರ್ಷ ಕಳೆದಿತ್ತು. ಪಿಂಚಣಿ ಸಿಕ್ಕಿತು. ಆದರೆ ಹಿಂದಿನ ಬಾಕಿ ಹಣ ಕೇವಲ 3 ವರ್ಷದ್ದು ಎಂದು 2008ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಉಳಿದ 13 ವರ್ಷದ ಹಣ ಹೋಯಿತು. ಕಾಗದ ಟ್ರಂಕಿನಲ್ಲಿದ್ದರೆ ಹಣ ಕರಗುತ್ತದೆ.

ನಾವು ಏನು ಮಾಡಬೇಕು?

1. ಕಾಗದ ಇಂಗ್ಲಿಷಿನಲ್ಲಿ ಇರಬಹುದು. ಹೆದರಬೇಡಿ. ಅಂಕಿ ನಿಮಗೆ ಗೊತ್ತು. ತಾರೀಖು ಹುಡುಕಿ. ಶೇಕಡಾ ಎಷ್ಟು, ನೋಡಿ. ಉಳಿದದ್ದನ್ನು ತಿಳಿದವರಿಂದ ಓದಿಸಿ.

2. ಮಂಡಳಿಯ ವರದಿ ಇಲ್ಲವೇ? ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿ ಕೇಳಿ. ಶುಲ್ಕ 10 ರೂಪಾಯಿ.

3. 'ಇಲ್ಲ' ಎಂಬ ಕಾಗದ ಬಂದ 6 ತಿಂಗಳೊಳಗೆ ಮೇಲ್ಮನವಿ ಕೊಡಬೇಕು. ತಡವಾಗಿದ್ದರೆ ಕಾರಣ ಬರೆದು ಕೊಡಿ. ಯಜಮಾನರ ಸಹಿ ಬೇಕು. ಅವರು ತೀರಿಹೋಗಿದ್ದರೂ ಬಿಡಬೇಡಿ, ವಿಚಾರಿಸಿ.

4. ಅಲ್ಲೂ 'ಇಲ್ಲ' ಅಂದರೆ ಎರಡನೇ ಮೇಲ್ಮನವಿ ಉಂಟು. ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಉಂಟು.

5. ಸಹಾಯಕ್ಕೆ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಹೋಗಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ವಕೀಲರು ಪುಕ್ಕಟೆ. ಆದಾಯ ಎಷ್ಟಿದ್ದರೂ ಸರಿ.

6. ಯಾರಿಗೂ ಮೂಲ ಕಾಗದ ಕೊಡಬೇಡಿ. ಜೆರಾಕ್ಸ್ ಕೊಡಿ. ರಸೀದಿ ಕೇಳಿ ಪಡೆಯಿರಿ.

ಆ ಸಂಜೆ ಅಕ್ಕ ಕಾಗದದ ಮೇಲೆ ಬೆರಳಿಟ್ಟರು. ತಾರೀಖನ್ನು ತಾವೇ ಓದಿದರು. "ಇಷ್ಟು ವರ್ಷ ಆತಾ!" ಅಂದರು. ಮರುದಿನ ಗಂಡ ಹೆಂಡತಿ ಇಬ್ಬರೂ ಬಸ್ಸು ಹತ್ತಿದರು. ಮೇಲ್ಮನವಿ ಹೋಗಿದೆ. ಉತ್ತರ ಇನ್ನೂ ಬರಬೇಕು. ರಸೀದಿ ಮಾತ್ರ ಅಕ್ಕನ ಹತ್ತಿರ ಜೋಪಾನವಾಗಿದೆ.

ಹೊಸ ಪದಗಳು: ಅಂಗವೈಕಲ್ಯ, ಮೇಲ್ಮನವಿ, ಮಂಡಳಿ, ರಸೀದಿ, ಬಾಕಿ

ಉತ್ತರ ಬರೆಯಿರಿ
1. ಮೇಲ್ಮನವಿಯನ್ನು ಎಷ್ಟು ತಿಂಗಳೊಳಗೆ ಕೊಡಬೇಕು?
2. 16ರಲ್ಲಿ 3 ಕಳೆದರೆ ಎಷ್ಟು? ಆ ಸೈನಿಕನಿಗೆ ಆದ ನಷ್ಟ ಏನು?
3. ನಿಮ್ಮ ಮನೆಯ ಟ್ರಂಕಿನಲ್ಲಿ ಯಾವ ಯಾವ ಕಾಗದಗಳಿವೆ? ಪಟ್ಟಿ ಮಾಡಿ.