ಕೊಸರಾಗಿ ಬಂದ ಗುಬ್ಬಿ

ದೇವಾಲಯವು ದೇವರ ಮಾತನ್ನು ಕೇಳುವ ಸ್ಥಳವೆಂದೂ ಸಂತೆಯು ಲೋಕವ್ಯವಹಾರದ ಸ್ಥಳವೆಂದೂ ನಮ್ಮಲ್ಲಿ ಅನೇಕರು ಭಾವಿಸುತ್ತಾರೆ. ನಮ್ಮ ಕರ್ತನಾದ ಯೇಸು ಸ್ವಾಮಿಯು ಹಾಗೆ ವಿಂಗಡಿಸಲಿಲ್ಲ. ಪೇಟೆಯಲ್ಲಿ ಕೂತು ಆಡುವ ಹುಡುಗರು, ಕೂಲಿಗಾಗಿ ಕಾದು ನಿಂತ ಆಳುಗಳು, ಒಳ್ಳೇ ಮುತ್ತುಗಳನ್ನು ಹುಡುಕುವ ವರ್ತಕನು, ದೀಪ ಹಚ್ಚಿ ಮನೆ ಗುಡಿಸಿ ಕಳೆದ ನಾಣ್ಯವನ್ನು ಹುಡುಕುವ ಹೆಂಗಸು, ಇವರೆಲ್ಲರೂ ಆತನ ಉಪದೇಶದಲ್ಲಿ ಬರುತ್ತಾರೆ. ಆದದರಿಂದ ನಾವು ಕಾಳುಕಡಿ ಮಾರುವದಕ್ಕೂ ಬಟ್ಟೆ ಕೊಳ್ಳುವದಕ್ಕೂ ಪಟ್ಟಣಕ್ಕೆ ಹೋಗುವಾಗ ನಮ್ಮ ಗುರುವನ್ನು ಮನೆಯಲ್ಲಿ ಬಿಟ್ಟು ಹೋಗಬೇಕಾಗಿಲ್ಲ.

ಈ ಪಾಠಕ್ಕೆ ಮತ್ತಾಯನ ಸುವಾರ್ತೆಯ 10ನೇ ಅಧ್ಯಾಯದ 29ನೇ ವಚನವನ್ನೂ ಲೂಕನ ಸುವಾರ್ತೆಯ 12ನೇ ಅಧ್ಯಾಯದ 6ನೇ ವಚನವನ್ನೂ ಒಂದರ ಪಕ್ಕದಲ್ಲೊಂದಿಟ್ಟು ಓದಿರಿ. ಎರಡರಲ್ಲಿಯೂ ಗುಬ್ಬಿಗಳ ಬೆಲೆಯ ಮಾತಿದೆ. ಆ ಕಾಲದಲ್ಲಿ ಒಂದು ಬೆಳ್ಳಿಯ ನಾಣ್ಯವು ಒಬ್ಬ ಆಳಿನ ಒಂದು ದಿನದ ಕೂಲಿಯಾಗಿತ್ತು; ಗುಬ್ಬಿಗಳನ್ನು ಕೊಳ್ಳುವ ಸಣ್ಣ ದುಡ್ಡು ಅದರ 16ನೇ ಪಾಲು. ಮತ್ತಾಯನು ಬರೆದ ಪ್ರಕಾರ ಒಂದು ದುಡ್ಡಿಗೆ ಎರಡು ಗುಬ್ಬಿಗಳು. ಲೂಕನು ಬರೆದ ಪ್ರಕಾರ ಎರಡು ದುಡ್ಡಿಗೆ ಐದು ಗುಬ್ಬಿಗಳು. ಲೆಕ್ಕ ಹಾಕಿ ನೋಡಿರಿ. ಎರಡು ದುಡ್ಡಿಗೆ ನಾಲ್ಕು ಗುಬ್ಬಿಗಳಲ್ಲವೇ ಬರಬೇಕಾದದ್ದು? ಐದನೆಯದು ಎಲ್ಲಿಂದ ಬಂತು?

ಸಂತೆಯನ್ನು ಬಲ್ಲ ತಾಯಂದಿರು ಇದಕ್ಕೆ ತಟ್ಟನೆ ಉತ್ತರ ಕೊಡುವರು: ಅದು ಕೊಸರು. ಸೊಪ್ಪಿನವಳು ಎಣಿಸಿ ಕೊಟ್ಟ ಮೇಲೆ ನಾವು ಕೈಚೀಲವನ್ನು ಮುಚ್ಚದೆ, ಇನ್ನೊಂದಿಷ್ಟು ಹಾಕೆಂದು ಕೇಳಿ ಪಡೆಯುವಂಥದು. ಕೊಸರಿಗೆ ಬೆಲೆಯಿಲ್ಲ, ಲೆಕ್ಕದಲ್ಲಿ ಅದರ ಹೆಸರಿಲ್ಲ. ಕೊಟ್ಟವಳಿಗೂ ಕೊಂಡವಳಿಗೂ ಅದು ಸಂಜೆಯ ವರೆಗೆ ನೆನಪಿರುವದಿಲ್ಲ. ಆದರೂ ಅವುಗಳಲ್ಲಿ ಒಂದನ್ನಾದರೂ ದೇವರು ಮರೆತಿಲ್ಲವೆಂದು ಕರ್ತನು ಹೇಳಿದ್ದು ಈ ಐದನ್ನು ಕುರಿತೇ. ಮೊದಲಿನ ನಾಲ್ಕಕ್ಕೆ ಬೆಲೆಯಾದರೂ ಉಂಟು. ಬೆಲೆಯಿಲ್ಲದೆ ಬಂದ ಐದನೆಯದೂ ತಂದೆಯ ಎಣಿಕೆಯಲ್ಲಿ ಸೇರಿದೆ. ಇದೇ ನಮ್ಮ ಪಾಠದ ತಿರುಳು.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಸೀಮೆಯ ಊರುಗಳನ್ನು ನೋಡೋಣ. ಮೊದಲು ರಬಕವಿ ಬನಹಟ್ಟಿಗೆ ಬನ್ನಿರಿ. ಈ ಜೋಡಿ ಊರುಗಳು ನೇಕಾರಿಕೆಗೆ ಹೆಸರಾದವು. ಓಣಿಗಳಲ್ಲಿ ನಡೆಯುವವರಿಗೆ ಮಗ್ಗಗಳ ಸಪ್ಪಳವು ಕೇಳಿಬರುತ್ತದೆ. ಸೀರೆಯ ಹಾಸಿನಲ್ಲಿ ಸಾವಿರಾರು ಎಳೆಗಳಿರುತ್ತವೆ. ಅವುಗಳಲ್ಲಿ ಒಂದು ಹರಿದರೆ, ಸಾವಿರದಲ್ಲಿ ಒಂದು ಹೋದರೇನೆಂದು ಒಳ್ಳೇ ನೇಕಾರನು ಹೇಳುವದಿಲ್ಲ. ಮಗ್ಗವನ್ನು ನಿಲ್ಲಿಸುತ್ತಾನೆ, ಹರಿದ ತುದಿಯನ್ನು ಹುಡುಕುತ್ತಾನೆ, ಗಂಟು ಹಾಕಿದ ಮೇಲೆಯೇ ಮುಂದುವರಿಸುತ್ತಾನೆ. ಒಂದು ಎಳೆಗೋಸ್ಕರ ಮಗ್ಗವನ್ನೇ ನಿಲ್ಲಿಸುವವನನ್ನು ಕಂಡವರಿಗೆ, ಒಂದು ಕುರಿಗೋಸ್ಕರ ತೊಂಬತ್ತೊಂಬತ್ತನ್ನು ಬಿಟ್ಟು ಹೋದ ಕುರುಬನ ಮಾತು ವಿಚಿತ್ರವಾಗಿ ತೋರದು.

ಅಲ್ಲಿಂದ ಮುಧೋಳಕ್ಕೆ ಹೋಗೋಣ. ಪೇಟೆಯಲ್ಲಿ ಬಳೆಗಾರನನ್ನು ಕಂಡರೆ ನಾವು ಬಳೆಯ ಬಣ್ಣವನ್ನು ನೋಡುತ್ತೇವೆ, ತೊಡಿಸುವವನ ಮುಖವನ್ನು ನೋಡುವದಿಲ್ಲ. ಆದರೆ ಹತ್ತನೆಯ ಶತಮಾನದಲ್ಲಿ ಗದಾಯುದ್ಧವನ್ನು ಬರೆದ ಮಹಾಕವಿ ರನ್ನನು ಹುಟ್ಟಿದ್ದು ಈ ಊರಿನ ಬಳೆಗಾರರ ಮನೆತನದಲ್ಲಿಯೇ. ಮಲಾರವನ್ನು ಹೊತ್ತು ತಿರುಗುವವನ ಮನೆಯಲ್ಲಿ ದೇವರು ಯಾವ ವರವನ್ನು ಇಟ್ಟಿದ್ದಾನೋ ಬಲ್ಲವರಾರು? ನಜರೇತಿನಿಂದ ಒಳ್ಳೇದೇನಾದರೂ ಬರಬಹುದೋ ಎಂದು ಕೇಳಿದವನಿಗೂ ಇದೇ ಉತ್ತರ.

ಇನ್ನು ವಿಜಯಪುರದ ಕಡೆಯಿಂದ ಜಮಖಂಡಿಗೆ ಬರುವವರು ಚಿಕ್ಕಪಡಸಲಗಿಯ ಬಳಿ ಕೃಷ್ಣಾ ನದಿಯನ್ನು ದಾಟುತ್ತಾರೆ. ಅಲ್ಲಿರುವ ಬ್ಯಾರೇಜು 1989ರಲ್ಲಿ ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು ಕಟ್ಟಿಕೊಂಡದ್ದು. ಸಿದ್ದು ನ್ಯಾಮಗೌಡರು ಅದರ ಮುಂದಾಳುಗಳಾಗಿದ್ದರು. ಅದಕ್ಕೆ ಶ್ರಮಬಿಂದು ಸಾಗರವೆಂಬ ಹೆಸರುಂಟು. ಬೆವರಿನ ಒಂದು ಹನಿಯನ್ನು ಯಾರೂ ಎಣಿಸುವದಿಲ್ಲ. ಆದರೆ ಹನಿಗಳನ್ನು ಬಿಟ್ಟು ಸಾಗರವೆಲ್ಲಿ? ಬಡ ವಿಧವೆಯು ಕಾಣಿಕೆಯ ಪೆಟ್ಟಿಗೆಯಲ್ಲಿ ಹಾಕಿದ ಎರಡು ಕಾಸುಗಳನ್ನು ಕರ್ತನು ಹತ್ತಿರದಲ್ಲಿ ಕೂತು ನೋಡಿದನಲ್ಲವೇ?

ಆದರೆ ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕು. ಪೇಟೆಯಲ್ಲಿ ಒಂದು ದೃಷ್ಟಾಂತವನ್ನು ಆರಿಸಿಕೊಂಡು ಸಂತೋಷದಿಂದ ಮನೆಗೆ ಬರುವದು ಸುಲಭ. ಸೊಪ್ಪು ಮಾರುವ ಮುದುಕಿಯಿಂದ ಪಾಠ ಕಲಿತು, ಅವಳ ಬೆಲೆಯಲ್ಲಿ ಎರಡು ರೂಪಾಯಿಯನ್ನು ಮುರಿದುಕೊಂಡು ಬಂದರೆ ನಾವು ಕಲಿತದ್ದೇನು? ಬಿಸಿಲಿನಲ್ಲಿ ಕೂತ ಅವಳಿಗೆ ಸಾಯಂಕಾಲದ ರೊಟ್ಟಿಯು ಆ ಎರಡು ರೂಪಾಯಿಯ ಮೇಲೆ ನಿಂತಿರಬಹುದು. ದೊಡ್ಡ ಅಂಗಡಿಯಲ್ಲಿ ಚೀಟಿ ಅಂಟಿಸಿದ ಬೆಲೆಯನ್ನು ತುಟಿಬಿಚ್ಚದೆ ಕೊಡುತ್ತೇವೆ. ನೆಲದ ಮೇಲೆ ಕೂತವಳೊಂದಿಗೆ ಮಾತ್ರ ಚೌಕಾಸಿ ಮಾಡುತ್ತೇವೆ. ಸಂತೆಯಲ್ಲಿ ಕಲಿತ ಪಾಠದ ಬೆಲೆಯನ್ನು ಸಂತೆಯಲ್ಲಿಯೇ ತೆರಬೇಕು.

ನಮ್ಮ ಸಭೆಗಳಲ್ಲಿಯೂ ಕೊಸರಾಗಿ ಎಣಿಸಲ್ಪಟ್ಟವರು ಉಂಟು. ಹಿಂದಿನ ಚಾಪೆಯ ಅಂಚಿನಲ್ಲಿ ಕೂತುಕೊಳ್ಳುವ ವಿಧವೆ, ಕಬ್ಬು ಕಡಿಯುವದಕ್ಕೆ ಬಂದು ಸುಗ್ಗಿ ತೀರಿದ ಮೇಲೆ ಹೊರಟುಹೋಗುವ ಕುಟುಂಬ, ಓದಲು ಬಾರದ್ದರಿಂದ ಯಾವ ಕೆಲಸಕ್ಕೂ ಕರೆಯಲ್ಪಡದ ಸಹೋದರ. ಅವರು ಎರಡು ವಾರ ಬಾರದಿದ್ದರೆ ನಮ್ಮ ಮಗ್ಗವು ನಿಲ್ಲುತ್ತದೋ, ಇಲ್ಲವೆ ಸಪ್ಪಳ ಮಾಡುತ್ತಾ ಮುಂದೆಯೇ ಹೋಗುತ್ತದೋ? ಚಿನ್ನದ ಉಂಗುರದವನಿಗೆ ಒಳ್ಳೇ ಸ್ಥಳವನ್ನೂ ಬಡವನಿಗೆ ಕಾಲ ಬಳಿಯ ಸ್ಥಳವನ್ನೂ ಕೊಡುವವರನ್ನು ಯಾಕೋಬನು ತನ್ನ ಪತ್ರಿಕೆಯ 2ನೇ ಅಧ್ಯಾಯದಲ್ಲಿ ಖಂಡಿಸಿದ್ದಾನೆ. ಮನೆಯವರೆಲ್ಲರೂ ಕೂಡಿ ಅದನ್ನು ಓದಿ, ನಮ್ಮ ಸಭೆಯ ಐದನೆಯ ಗುಬ್ಬಿ ಯಾರೆಂದು ವಿಚಾರಿಸಿರಿ.

ಬರುವ ಸಂತೆಯ ದಿನ ಹೀಗೆ ಮಾಡಿರಿ. ಬಡವರಾದ ಮಾರುವವರಲ್ಲಿ ಒಬ್ಬರಿಗಾದರೂ ಕೇಳಿದ ನ್ಯಾಯವಾದ ಬೆಲೆಯನ್ನು ಕೊಟ್ಟು, ಕೊಸರು ಕೇಳದೆ, ಅವರ ಊರನ್ನೂ ಮಕ್ಕಳನ್ನೂ ವಿಚಾರಿಸಿರಿ. ಹಿಂತಿರುಗಿ ಬರುವಾಗ ಹಲವು ವಾರಗಳಿಂದ ಕಾಣದಿರುವ ಒಬ್ಬ ಸಹೋದರನ ಮನೆಯ ಬಾಗಿಲಲ್ಲಿ ನಿಂತು ಆತನ ಹೆಸರು ಹಿಡಿದು ಕರೆಯಿರಿ. ನಮ್ಮನ್ನೂ ಒಂದು ದಿನ ಹಾಗೆ ಹೆಸರು ಹಿಡಿದು ಕರೆದವನು ಕರ್ತನೇ ಅಲ್ಲವೇ?