ಹಚ್ಚೆ ಅಳಿಸೋದಾ, ಮುಚ್ಚೋದಾ? ಕುವೈತ್‌ನಿಂದ ಬಂದ ಒಂದು ಪ್ರಶ್ನೆ

ಈ ಸಂಚಿಕೆ ಶುರುವಾಗಿದ್ದು ಕುವೈತ್‌ನ ಅಬ್ಬಾಸಿಯಾದಲ್ಲಿರುವ ಒಬ್ಬ ಕೇಳುಗರ ಪತ್ರದಿಂದ. ಊರು ಕುಂದಾಪುರದ ಕಡೆ. ಕಾಲೇಜಿನಲ್ಲಿದ್ದಾಗ ಎಡಗೈ ಮಣಿಕಟ್ಟಿನ ಹತ್ತಿರ ಕನ್ನಡದಲ್ಲಿ ಒಂದು ಹೆಸರು ಬರೆಸಿಕೊಂಡಿದ್ದರಂತೆ. ಆ ಹೆಸರು ಈಗಿನ ಹೆಂಡತಿಯದ್ದಲ್ಲ. ಹೆಂಡತಿಗೆ ವಿಷಯ ಗೊತ್ತು, ಅಲ್ಲೇನೂ ತಕರಾರಿಲ್ಲ. ಆದರೆ ಆರು ವರ್ಷದ ಮಗಳಿಗೆ ಮನೆಯಲ್ಲೇ ಕನ್ನಡ ಕಲಿಸುತ್ತಿದ್ದಾರೆ, ಗುಣಿತಾಕ್ಷರದವರೆಗೆ ಬಂದಿದೆ. ಮೊನ್ನೆ ಅಪ್ಪನ ಕೈ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದಿ, "ಅಪ್ಪಾ, ಇದು ಯಾರು?" ಅಂದಳಂತೆ.

"ಮುಂದಿನ ರಜೆಯಲ್ಲಿ ಊರಿಗೆ ಬಂದಾಗ ಅಳಿಸಲಾ, ಇಲ್ಲಾ ಅದರ ಮೇಲೆ ಬೇರೆ ಚಿತ್ರ ಹಾಕಿಸಲಾ?" ಅಂತ ಕೇಳಿದ್ದಾರೆ. "ನಮ್ಮಜ್ಜಿಯ ಮುಂಗೈ ತುಂಬ ಹಚ್ಚೆ ಇತ್ತು. ಅದನ್ನು ಯಾರೂ ಪ್ರಶ್ನೆ ಮಾಡಿದ್ದೇ ಇಲ್ಲ" ಅಂತ ಕೊನೆಗೊಂದು ಸಾಲು.

ಅಜ್ಜಿಯಿಂದಲೇ ಶುರು ಮಾಡೋಣ. ಕೊರಚ, ಕೊರವ ಸಮುದಾಯದ ಹೆಂಗಸರು ಊರೂರು ತಿರುಗಿ, ದೀಪದ ಕರಿಯನ್ನು ಸೊಪ್ಪಿನ ರಸದಲ್ಲಿ ಕಲಸಿ ಸೂಜಿಯಿಂದ ಚುಚ್ಚುತ್ತಿದ್ದರು. ಅರಬ್ ಮರುಭೂಮಿಯ ಬದೂಯಿನ್ ಅಜ್ಜಿಯರ ಗದ್ದದ ಮೇಲೂ ಇಂಥದ್ದೇ ಹಸಿರು ಗುರುತುಗಳಿರುತ್ತಿದ್ದವು. ಧಾರ್ಮಿಕವಾಗಿ ಅಲ್ಲಿ ಹಚ್ಚೆ ಒಪ್ಪಿತವಲ್ಲ ಅನ್ನುವವರೇ ಹೆಚ್ಚು, ಆದರೂ ಅಜ್ಜಿಯರ ಮುಖದಲ್ಲಿ ಅದಿತ್ತು. ಕಪ್ಪಾಗಿ ಚುಚ್ಚಿದ್ದು ವರ್ಷಗಳಾದ ಮೇಲೆ ಹಸಿರಾಗಿ ಕಾಣುವುದಕ್ಕೆ ಕಾರಣ ಬಣ್ಣ ಕೂತಿರುವ ಆಳ. ಹಚ್ಚೆಯ ಶಾಯಿ ಇರುವುದು ಚರ್ಮದ ಮೇಲ್ಪದರದಲ್ಲಲ್ಲ, ಅದರ ಕೆಳಗಿನ ಒಳಚರ್ಮದಲ್ಲಿ, ಸುಮಾರು ಒಂದೆರಡು ಮಿಲಿಮೀಟರ್ ಕೆಳಗೆ. ಮೇಲ್ಪದರ ಉದುರುತ್ತಾ ಹೊಸದಾಗುತ್ತಾ ಇರತ್ತೆ, ಒಳಚರ್ಮ ಹಾಗಲ್ಲ.

ಅಲ್ಲಿ ಶಾಯಿಯನ್ನು ಹಿಡಿದಿಟ್ಟುಕೊಂಡಿರುವುದು ಯಾರು ಗೊತ್ತಾ? ನಮ್ಮದೇ ರೋಗನಿರೋಧಕ ಜೀವಕೋಶಗಳು, ಮ್ಯಾಕ್ರೋಫೇಜ್‌ಗಳು. ಹೊರಗಿನಿಂದ ಬಂದದ್ದನ್ನು ನುಂಗುವುದು ಅವುಗಳ ಕೆಲಸ. ಶಾಯಿಯ ಕಣವನ್ನೂ ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾರವು. 2018ರಲ್ಲಿ ಫ್ರಾನ್ಸ್‌ನ ಮಾರ್ಸೇ ನಗರದ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿದ ಸಂಗತಿ ಸ್ವಾರಸ್ಯವಾಗಿದೆ: ಆ ಜೀವಕೋಶ ಸತ್ತಾಗ ಶಾಯಿ ಹೊರಗೆ ಬೀಳುತ್ತದೆ, ಪಕ್ಕದಲ್ಲಿ ಬಂದು ಕೂತ ಹೊಸ ಜೀವಕೋಶ ಅದನ್ನೇ ಮತ್ತೆ ನುಂಗುತ್ತದೆ. ಅಂದರೆ ಹೊರೆ ಅದೇ, ಹೊರುವವರು ಮಾತ್ರ ಬದಲು.

ಲೇಸರ್ ಮಾಡುವುದು ಈ ಹೊರೆಯನ್ನು ಪುಡಿ ಮಾಡುವ ಕೆಲಸ. ಒಂದು ಸೆಕೆಂಡಿಗೆ 100 ಕೋಟಿ ನ್ಯಾನೋಸೆಕೆಂಡ್. ಅಂಥ ಕೆಲವೇ ನ್ಯಾನೋಸೆಕೆಂಡ್‌ಗಳಷ್ಟು ಬೆಳಕು ಬಿದ್ದಾಗ ಶಾಯಿಯ ಕಣ ಕಾದು ಸಿಡಿಯುತ್ತದೆ, ಸುತ್ತಲಿನ ಚರ್ಮಕ್ಕೆ ಬಿಸಿ ಹರಡುವಷ್ಟು ಹೊತ್ತೇ ಇರುವುದಿಲ್ಲ. 1983ರಲ್ಲಿ ಆಂಡರ್ಸನ್ ಮತ್ತು ಪ್ಯಾರಿಶ್ ವಿವರಿಸಿದ ತತ್ವ ಇದು. ಆದರೆ ಲೇಸರ್ ಒಡೆಯುತ್ತದೆ ಅಷ್ಟೇ, ಸಾಗಿಸುವುದಿಲ್ಲ. ಚೂರುಗಳನ್ನು ಹೊತ್ತೊಯ್ಯುವುದು ದೇಹವೇ, ಅದೂ ನಿಧಾನಕ್ಕೆ. ಅದಕ್ಕೇ ಎರಡು ಸಿಟ್ಟಿಂಗ್‌ಗಳ ನಡುವೆ ಆರರಿಂದ ಎಂಟು ವಾರ ಬಿಡುತ್ತಾರೆ.

ಇಲ್ಲೇ ನಮ್ಮ ಕೇಳುಗರ ರಜೆಯ ಲೆಕ್ಕ ತಪ್ಪುವುದು. ಎಷ್ಟು ಸಿಟ್ಟಿಂಗ್ ಬೇಕಾಗಬಹುದು ಅಂತ ಅಂದಾಜು ಮಾಡಲು ವಿಲಿಯಂ ಕರ್ಬಿ ಮತ್ತು ಜೊತೆಗಾರರು 2009ರಲ್ಲಿ ಒಂದು ಅಂಕಪಟ್ಟಿ ಪ್ರಕಟಿಸಿದರು. ಬಂದ ಒಟ್ಟು ಅಂಕವೇ ಹೆಚ್ಚುಕಡಿಮೆ ಸಿಟ್ಟಿಂಗ್‌ಗಳ ಸಂಖ್ಯೆ. ಇವರ ಕೈಗೆ ಹಾಕಿ ನೋಡಿದೆವು. ಕಂದು ಚರ್ಮಕ್ಕೆ 5. ಮಣಿಕಟ್ಟಿಗೆ 5, ಯಾಕಂದ್ರೆ ಹೃದಯದಿಂದ ದೂರ ಹೋದಷ್ಟೂ ರಕ್ತ ಮತ್ತು ದುಗ್ಧರಸದ ಓಡಾಟ ಕಡಿಮೆ. ಬರೀ ಕಪ್ಪು ಬಣ್ಣಕ್ಕೆ 1. ಸಣ್ಣ ಬರಹ, ಶಾಯಿ ಕಡಿಮೆ, 2. ಒಟ್ಟು 13. ನಡುವೆ ಏಳು ವಾರ ಅಂದರೂ ಒಂದೂವರೆ ವರ್ಷ ದಾಟುತ್ತದೆ. ಇದು ಅಂದಾಜು ಮಾತ್ರ, ಕಡಿಮೆಯಲ್ಲೂ ಮುಗಿಯಬಹುದು. ಆದರೆ ಒಂದು ತಿಂಗಳ ರಜೆಯಲ್ಲಿ ಮುಗಿಯುವ ಕೆಲಸ ಖಂಡಿತ ಅಲ್ಲ. ಅಳಿಸುವುದಾದರೆ ವಾಸ ಇರುವ ಊರಲ್ಲೇ, ಕುವೈತ್‌ನಲ್ಲೇ ಶುರು ಮಾಡಬೇಕು.

ಹಾಗಾದ್ರೆ ಮುಚ್ಚಿಸೋದು ಸುಲಭ ಅಲ್ವಾ? ಒಂದೇ ದಿನದ ಕೆಲಸ. ತಡೀರಿ. ಮುಚ್ಚೋದು ಅನ್ನುವ ಮಾತೇ ದಾರಿ ತಪ್ಪಿಸುತ್ತದೆ. ಗೋಡೆಗೆ ಸುಣ್ಣ ಬಳಿದ ಹಾಗಲ್ಲ ಇದು, ಬಣ್ಣದ ಬಟ್ಟೆಯನ್ನು ಇನ್ನೊಂದು ಬಣ್ಣದಲ್ಲಿ ಅದ್ದಿದ ಹಾಗೆ. ಹೊಸ ಶಾಯಿ ಹಳೆಯದರ ಮೇಲೆ ಕೂರುವುದಿಲ್ಲ, ಅದೇ ಪದರದಲ್ಲಿ ಬೆರೆಯುತ್ತದೆ. ಹಾಗಾಗಿ ಹೊಸ ಚಿತ್ರ ಹಳೆಯದಕ್ಕಿಂತ ಕಪ್ಪಾಗಿರಬೇಕು, ಸಾಮಾನ್ಯವಾಗಿ ಎರಡು ಮೂರು ಪಟ್ಟು ದೊಡ್ಡದಾಗಿಯೂ ಇರಬೇಕು. ಎರಡಿಂಚಿನ ಹೆಸರು ಹೋಗಿ ಅರ್ಧ ಮುಂಗೈ ತುಂಬುವ ಹದ್ದೋ ಹುಲಿಯೋ ಬರತ್ತೆ. ಮುಂದೆ ಅದೂ ಬೇಡ ಅನಿಸಿದರೆ? ಅದೇ ಪಟ್ಟಿಯಲ್ಲಿ ಬಣ್ಣದ ಅಂಕ 4, ಶಾಯಿಯದ್ದೂ 4, ಹಚ್ಚೆಯ ಮೇಲೆ ಹಚ್ಚೆ ಇರುವುದಕ್ಕೆ ಇನ್ನೆರಡು. 13 ಇದ್ದದ್ದು 20 ಆಗುತ್ತದೆ. ಹೊಳಪಿಗೆಂದು ಬಿಳಿ ಶಾಯಿ ಬಳಸಿದ್ದರೆ ಇನ್ನೊಂದು ಫಜೀತಿ: ಅದರಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಲೇಸರ್ ತಾಗಿದಾಗ ಕಪ್ಪಾಗಿಬಿಡಬಹುದು.

ಆದ್ದರಿಂದ ನಮ್ಮ ಅಭಿಪ್ರಾಯ ಹೇಳಿಬಿಡುತ್ತೇವೆ. ನಿಮಗೆ ಬೇಡವಾಗಿರುವುದು ಆ ಹೆಸರೋ, ಕೈಯ ಮೇಲಿನ ಗುರುತೋ, ಅದನ್ನು ಮೊದಲು ಕೇಳಿಕೊಳ್ಳಿ. ಗುರುತೇ ಬೇಡ ಅಂದರೆ ಮುಚ್ಚಿಸುವ ಯೋಚನೆ ಬಿಡಿ. ಹೆಸರು ಮಾತ್ರ ಬೇಡ, ಚಿತ್ರ ಇದ್ದರೆ ಪರವಾಗಿಲ್ಲ ಅಂದರೂ ನೇರವಾಗಿ ಸೂಜಿಗೆ ಹೋಗಬೇಡಿ. ಎರಡು ಮೂರು ಸಿಟ್ಟಿಂಗ್ ಲೇಸರ್ ಮಾಡಿಸಿ ಮಸುಕಾಗಿಸಿದರೆ, ಆಮೇಲೆ ಸಣ್ಣ, ತಿಳಿಯಾದ ಚಿತ್ರವೇ ಸಾಕಾಗುತ್ತದೆ. ಅಷ್ಟರಲ್ಲಿ ಮನಸ್ಸು ಬದಲಾದರೆ ಲೇಸರ್ ಮುಂದುವರಿಸಲೂಬಹುದು.

ನಮ್ಮ ಚರ್ಮಕ್ಕೆ ಸಂಬಂಧಿಸಿದ ಒಂದು ಎಚ್ಚರಿಕೆ. ಲೇಸರ್ ಬೆಳಕನ್ನು ಶಾಯಿ ಮಾತ್ರವಲ್ಲ, ಚರ್ಮದ ಬಣ್ಣವಾದ ಮೆಲನಿನ್ ಕೂಡ ಹೀರುತ್ತದೆ. ಕಂದು ಚರ್ಮದಲ್ಲಿ ಸುಟ್ಟ ಗಾಯ, ಬಿಳಿ ಮಚ್ಚೆ ಆಗುವ ಅಪಾಯ ಹೆಚ್ಚು. ಕಪ್ಪು ಶಾಯಿಗೆ, ನಮ್ಮಂಥ ಚರ್ಮಕ್ಕೆ 1064 ನ್ಯಾನೋಮೀಟರ್ ಎನ್‌ಡಿ ಯಾಗ್ ಲೇಸರ್ ಹೆಚ್ಚು ಸುರಕ್ಷಿತ, ಅದು ಮೆಲನಿನ್‌ಗೆ ಕಡಿಮೆ ತಾಗುತ್ತದೆ. ಚರ್ಮವೈದ್ಯರನ್ನು ಇದನ್ನೇ ಕೇಳಿ, ಒಂದು ಮೂಲೆಯಲ್ಲಿ ಪರೀಕ್ಷೆ ಮಾಡಿಸಿ. ಗಾಯ ಗಂಟಾಗಿ ಉಬ್ಬುವ ಕೆಲಾಯ್ಡ್ ಹಿಂದೆ ಆಗಿದ್ದರೆ ಮೊದಲೇ ಹೇಳಿ. ಅಳಿಸುವ ಕ್ರೀಮು, ಆಸಿಡ್ಡು, ಉಪ್ಪು ಹಾಕಿ ಉಜ್ಜುವುದು ಇವೆಲ್ಲ ಬೇಡವೇ ಬೇಡ, ಹಚ್ಚೆಯ ಜಾಗದಲ್ಲಿ ಕಲೆ ಉಳಿಯುತ್ತದೆ.

ಬಿಸಿಲಿಗೆ ಕಪ್ಪಾದ ಚರ್ಮದಲ್ಲಿ ಈ ಅಪಾಯ ಇನ್ನೂ ಜಾಸ್ತಿ. ಕುವೈತ್‌ನ ಮಿತ್ರಿಬಾದಲ್ಲಿ 2016ರ ಜುಲೈನಲ್ಲಿ 53.9 ಡಿಗ್ರಿ ದಾಖಲಾಗಿತ್ತು. ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಬಯಲಲ್ಲಿ ಕೆಲಸ ಮಾಡಿಸುವುದಕ್ಕೇ ಅಲ್ಲಿ ನಿಷೇಧ ಇದೆ. ಹಾಗಾಗಿ ನವೆಂಬರ್‌ನಲ್ಲಿ ಶುರು ಮಾಡಿ, ಉದ್ದ ತೋಳಿನ ಅಂಗಿ ಹಾಕಿ. ಮಾರ್ಚ್‌ನೊಳಗೆ ಮೂರು ಸಿಟ್ಟಿಂಗ್ ಆಗುತ್ತದೆ.

ಇನ್ನು ಊರಿಗೆ ಬಂದಾಗ ಜಾತ್ರೆಯ ಅಂಗಡಿಯಲ್ಲಿ ಕೂತು ಮುಚ್ಚಿಸುವ ಆಸೆ ಇದ್ದರೆ ಸೂಜಿ ಹೊಸದಾ ಅಂತ ಕಣ್ಣಾರೆ ನೋಡಿ. ಹೆಪಟೈಟಿಸ್ ಬಿ, ಸಿ ಹರಡುವುದು ರಕ್ತ ತಾಗಿದ ಸೂಜಿಯಿಂದ. ಕುವೈತ್‌ಗೆ ಹೊಸದಾಗಿ ಕೆಲಸಕ್ಕೆ ಹೊರಟವರ ಮೆಡಿಕಲ್‌ನಲ್ಲಿ ಇವೆರಡನ್ನೂ, ಎಚ್‌ಐವಿಯನ್ನೂ ನೋಡೇ ನೋಡುತ್ತಾರೆ. ಕೆಲಸವೇ ಕೈತಪ್ಪಬಹುದು.

ಮಗಳ ಪ್ರಶ್ನೆ ಒಂದು ಉಳಿಯಿತು. ಮೊದಲ ಸಿಟ್ಟಿಂಗ್ ಹೊತ್ತಿಗೆ ಅವಳು ಒತ್ತಕ್ಷರಕ್ಕೆ ಬಂದಿರುತ್ತಾಳೆ, ಹೆಸರು ಮಸುಕಾಗುವುದರೊಳಗೆ ಇನ್ನೂ ಹತ್ತು ಸಲ ಓದಿರುತ್ತಾಳೆ. ಅದಕ್ಕೆ ಉತ್ತರ ನೀವೇ ಕೊಡಬೇಕು ಸಾರ್, ಲೇಸರ್‌ಗಿಂತ ಮುಂಚೆ.